ತಾರಸಿಯ ಮೇಲೊಂದು ಮಾಡು

ಜೂನ್ ತಿಂಗಳ ಮಧ್ಯಾಹ್ನ ಮಂಗಳೂರಿನ ಬಿಜೈಯ ಯಾವುದಾದರೂ ಎತ್ತರದ ಕಟ್ಟಡದ ಕೊನೆಯ ಮಹಡಿಯಿಂದ ಕೆಳಗೆ ನೋಡಬೇಕು. ಒಂದು ಕಡೆ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣ, ಹತ್ತಿರದಲ್ಲೇ ಭಾರತ್ ಮಾಲ್, ಕಾಪಿಕಾಡಿನತ್ತ ಸಾಲುಗಟ್ಟಿದ ಫ್ಲ್ಯಾಟುಗಳು, ಒಳದಾರಿಗಳಲ್ಲಿ ತೆಂಗಿನ ಗರಿಗಳ ನಡುವೆ ಪಾಚಿಗಟ್ಟಿ ಕಪ್ಪಾದ ಹಂಚಿನ ಮಾಡುಗಳು. ಇವೆಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಬೀಳುವುದು ಮತ್ತೊಂದು. ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ಕಟ್ಟಿದ ತಾರಸಿ ಮನೆಗಳ ನೆತ್ತಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಇಳಿಜಾರಾಗಿ ಶೀಟು ಹೊದೆಸಿದ್ದಾರೆ. ಕೆಲವರು ಹಂಚನ್ನೇ ಹಾಕಿಸಿದ್ದಾರೆ. ಕಾಂಕ್ರೀಟು ತಾರಸಿಯ ಮೇಲೆ ಇನ್ನೊಂದು ಮಾಡು.

ಈ ಎರಡನೆಯ ಮಾಡು ಯಾವ ಆರ್ಕಿಟೆಕ್ಟನ ನಕ್ಷೆಯಲ್ಲೂ ಮೊದಲಿಗೆ ಕಾಣುವುದಿಲ್ಲ. ಗೃಹಪ್ರವೇಶದ ಫೋಟೊದಲ್ಲೂ ಅದು ಇರುವುದಿಲ್ಲ. ಎರಡೋ ಮೂರೋ ಮಳೆಗಾಲ ಕಳೆದು, ಮಲಗುವ ಕೋಣೆಯ ಮೂಲೆಯಲ್ಲಿ ಒದ್ದೆ ಕಲೆ ಮೂಡಿದ ಮೇಲೆ ಮನೆಯವರೇ ವೆಲ್ಡಿಂಗಿನವನನ್ನು ಕರೆದು ಹಾಕಿಸುತ್ತಾರೆ. ಕರಾವಳಿಯ ಆಧುನಿಕ ಕಟ್ಟಡಗಳ ಬಗ್ಗೆ ಈ ಊರಿನ ಜನ ಕೊಟ್ಟ ಅತ್ಯಂತ ಪ್ರಾಮಾಣಿಕವಾದ ತೀರ್ಪು ಅದು ಎಂದು ನಾನು ನಂಬಿದ್ದೇನೆ. ಆಧುನಿಕತೆ ನಮಗೆ ಬೇಕಾಗಿತ್ತು, ಬಂತು. ಬರುವಾಗ ಅದು ಮಾಡನ್ನು ಬಿಟ್ಟು ಬಂತು. ಬಿಟ್ಟದ್ದನ್ನು ಜನ ತಾವೇ ಹೋಗಿ ತಂದುಕೊಂಡರು.

ಈ ತೀರ್ಪಿನ ತೂಕ ತಿಳಿಯಲು ಮೊದಲು ಇಲ್ಲಿನ ಮಳೆಯನ್ನು ನೆನೆಯಬೇಕು. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಬೆಂಗಳೂರಿನ ಮಳೆಯ ಮೂರು ಪಟ್ಟಿಗೂ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಅದು ನೆಟ್ಟಗೆ ಬೀಳುವ ಮಳೆಯೂ ಅಲ್ಲ, ಕಡಲ ಗಾಳಿಯೊಡನೆ ಓರೆಯಾಗಿ ಬಂದು ಗೋಡೆಗೆ ಬಡಿಯುವ ಮಳೆ. ಉಳಿದ ಎಂಟು ತಿಂಗಳು ಸೆಕೆ, ಬೆವರು, ಪಡುವಣ ಬಿಸಿಲು, ಉಪ್ಪು ಬೆರೆತ ಗಾಳಿ. ಇಂಥ ಊರಿನಲ್ಲಿ ಕಟ್ಟಡವೊಂದು ಮಾಡಬೇಕಾದ ಮೊದಲ ಕೆಲಸ ನೀರನ್ನು ಆದಷ್ಟು ಬೇಗ ಕೆಳಗಿಳಿಸುವುದು, ಗೋಡೆಯನ್ನು ನೆರಳಿನಲ್ಲಿಡುವುದು, ಗಾಳಿಗೆ ದಾರಿ ಬಿಡುವುದು. ಚೆಲುವಿನ ಮಾತು ಆಮೇಲೆ ಬರುತ್ತದೆ, ಅಥವಾ ಈ ಮೂರರಿಂದಲೇ ಹುಟ್ಟುತ್ತದೆ.

ನಮ್ಮ ಹಂಚಿನ ಮನೆಯನ್ನು ‘ಸಾಂಪ್ರದಾಯಿಕ’ ಎಂದು ಕರೆದು ಬದಿಗಿಡುವುದು ರೂಢಿಯಾಗಿದೆ. ಆದರೆ ಮಂಗಳೂರು ಹಂಚು ಅದರ ಕಾಲದಲ್ಲಿ ಅಪ್ಪಟ ಆಧುನಿಕ ವಸ್ತು. 1834ರಲ್ಲಿ ಇಲ್ಲಿಗೆ ಬಂದ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್ ಮೂರು ದಶಕಗಳ ನಂತರ, 1865ರಲ್ಲಿ, ಜಾರ್ಜ್ ಪ್ಲೆಬ್ಸ್ಟ್ ಎಂಬ ಕುಶಲಿಯ ಮುಂದಾಳತ್ವದಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಅದಕ್ಕೆ ಮುಂಚೆ ಬಡವರ ಮನೆಗೆ ಮುಳಿಹುಲ್ಲು, ಉಳ್ಳವರ ಮನೆಗೆ ಕುಂಬಾರರು ಮಾಡಿದ ಅರೆಗೊಳವೆಯಂಥ ನಾಡಹಂಚು. ಹೊಸ ಹಂಚು ಯುರೋಪಿನ ಅಚ್ಚು, ನಮ್ಮ ನದಿದಡದ ಜೇಡಿಮಣ್ಣು, ಯಂತ್ರದ ಒತ್ತು ಮತ್ತು ನಮ್ಮ ಕೂಲಿಗಳ ಬೆವರು ಕೂಡಿ ಹುಟ್ಟಿದ ವಸ್ತು. ಬರ್ಮಾ, ಶ್ರೀಲಂಕಾ, ಪೂರ್ವ ಆಫ್ರಿಕಾಗಳಿಗೂ ಅದು ಹಡಗೇರಿ ಹೋಯಿತು.

ಅಂಥ ಒಂದು ಹಳೆಯ ಹಂಚನ್ನು ಕೈಯಲ್ಲಿ ಹಿಡಿದು ನೋಡಿ. ಮೇಲ್ಮೈಯಲ್ಲಿ ನೀರು ಹರಿಯಲು ಎರಡು ತಗ್ಗಾದ ಓಣಿಗಳು. ಒಂದು ಅಂಚಿನಲ್ಲಿ ಎದ್ದ ದಿಂಡು, ಇನ್ನೊಂದು ಅಂಚಿನಲ್ಲಿ ಪಕ್ಕದ ಹಂಚಿನ ದಿಂಡು ಬಂದು ಕೂರುವ ಕಾಲುವೆ. ಹಿಂಬದಿಯಲ್ಲಿ ರೀಪಿಗೆ ಸಿಕ್ಕಿಸಲು ಸಣ್ಣ ಗುಬುಟುಗಳು, ನಡುವೆ ಕಾರ್ಖಾನೆಯ ಹೆಸರಿನ ಉಬ್ಬಚ್ಚು. ಮೊಳೆ ಬೇಡ, ಗಾರೆ ಬೇಡ. ಹಂಚು ಹಂಚನ್ನು ಹಿಡಿದುಕೊಳ್ಳುತ್ತದೆ, ಇಡೀ ಮಾಡು ತನ್ನ ತೂಕದಿಂದಲೇ ನಿಲ್ಲುತ್ತದೆ. ಒಂದು ಒಡೆದರೆ ಅದೊಂದನ್ನೇ ತೆಗೆದು ಬೇರೆಯದನ್ನು ಜಾರಿಸಿದರಾಯಿತು. ಕೈಯಗಲದ ಮಣ್ಣಿನ ತುಂಡಿನಲ್ಲಿ ಇಷ್ಟೊಂದು ಯೋಚನೆ ಅಡಗಿದೆ. ಇದು ವಿನ್ಯಾಸವಲ್ಲದಿದ್ದರೆ ಇನ್ನಾವುದು?

ಒಳಾಂಗಣದಲ್ಲೂ ಅದೇ ಯೋಚನೆಯ ಮುಂದುವರಿಕೆ ಇತ್ತು. ಅನುಕೂಲಸ್ಥರ ಮನೆಗಳಲ್ಲಿ, ಚರ್ಚು, ಶಾಲೆಗಳಲ್ಲಿ ಮೇಲಿನ ಹಂಚಿನ ಕೆಳಗೆ ಇನ್ನೊಂದು ಪದರ ಇರುತ್ತಿತ್ತು: ಚಿತ್ತಾರವಿದ್ದ ಚಪ್ಪಟೆ ಸೀಲಿಂಗ್ ಹಂಚು. ಕೆಳಗೆ ಮಲಗಿದವನಿಗೆ ಅದು ಅಲಂಕಾರ. ಮೇಲಿನ ಹಂಚಿಗೂ ಅದಕ್ಕೂ ನಡುವೆ ಉಳಿದ ಗಾಳಿ ಬಿಸಿಲಿನ ಕಾವನ್ನು ಕೆಳಗಿಳಿಯಲು ಬಿಡುತ್ತಿರಲಿಲ್ಲ. ಅಲಂಕಾರ ಮತ್ತು ಉಪಯೋಗ ಒಂದೇ ವಸ್ತುವಿನಲ್ಲಿ ಸೇರಿದ್ದವು. ಇಂದಿನ ಫ್ಲ್ಯಾಟುಗಳಲ್ಲಿ ‘ಇಂಟೀರಿಯರ್’ ಮಾಡಿಸುವಾಗ ಎಲ್ಲರೂ ಕೇಳುವ ಜಿಪ್ಸಮ್ ಫಾಲ್ಸ್ ಸೀಲಿಂಗನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅದು ಬಹುಪಾಲು ದೀಪ ಅಡಗಿಸಲು, ವಯರು ಮುಚ್ಚಲು ಇರುವಂಥದು. ಮೊದಲೇ ತಗ್ಗಾದ ಕೋಣೆಯನ್ನು ಇನ್ನೂ ತಗ್ಗಿಸುತ್ತದೆ. ಮಳೆಗಾಲದ ನಡುವಿನ ಆಟಿ ತಿಂಗಳ ತೇವಕ್ಕೆ ಪ್ಲೈವುಡ್ ಕಪಾಟಿನ ಬಾಗಿಲು ಉಬ್ಬುತ್ತದೆ, ಒಳಗಿಟ್ಟ ರೇಷ್ಮೆ ಸೀರೆಗೆ ಬೂಸಲು ಹಿಡಿಯುತ್ತದೆ. ಅಂಗಡಿಯ ಕೆಟಲಾಗಿನಲ್ಲಿ ಆಟಿ ತಿಂಗಳು ಇಲ್ಲ. ನಮ್ಮ ಮನೆಗಳಲ್ಲಿ ಅದು ಪ್ರತಿವರ್ಷ ಬರುತ್ತದೆ.

ಹಾಗೆಂದು ಹಳೆಯ ಮನೆಗಳನ್ನು ಹೊಗಳುತ್ತ ಕೂರುವುದೂ ನ್ಯಾಯವಲ್ಲ. ಗುತ್ತಿನ ಮನೆಯ ಚಾವಡಿ, ಜಗಲಿಗಳ ಅಂದವನ್ನು ವರ್ಣಿಸುವವರು ಅಲ್ಲಿ ಯಾರು ಎಲ್ಲಿಯವರೆಗೆ ಬರಬಹುದಿತ್ತು, ಯಾರು ಅಂಗಳದಲ್ಲೇ ನಿಲ್ಲಬೇಕಿತ್ತು ಎಂಬುದನ್ನು ಹೇಳುವುದಿಲ್ಲ. ಜಗಲಿಯ ಎತ್ತರ ಮಳೆನೀರಿಗಾಗಿ ಮಾತ್ರ ಇರಲಿಲ್ಲ, ಜಾತಿಯ ಲೆಕ್ಕವೂ ಅದರಲ್ಲಿತ್ತು. ಹೆಂಗಸರ ಪಾಲಿಗೆ ಬಂದದ್ದು ಹೊಗೆ ತುಂಬಿದ, ಬೆಳಕಿಲ್ಲದ ಅಡುಗೆ ಕೋಣೆ. ಗೆದ್ದಲು ಹಿಡಿದ ಪಕಾಸು, ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಮಾಡು ಹತ್ತಿ ಹಂಚು ಸರಿಪಡಿಸುವ ತಾಪತ್ರಯ, ಮಂಗಗಳ ಕಾಟ, ಸುಡುಕಟ್ಟಿಗೆಗಾಗಿ ಕಡಿದ ಕಾಡು, ಇವೂ ಆ ಪರಂಪರೆಯ ಲೆಕ್ಕಕ್ಕೇ ಸೇರಬೇಕು. ತಾರಸಿ ಮನೆ ಬಂದಾಗ ಜನ ಅದನ್ನು ಬಿಡುಗಡೆ ಎಂದುಕೊಂಡದ್ದು ಸಹಜ. ಫ್ಲ್ಯಾಟು ಎಷ್ಟೋ ಕುಟುಂಬಗಳಿಗೆ ಊರ ನಡುವೆ ಒಂದು ವಿಳಾಸ ಕೊಟ್ಟಿತು. ಅಲ್ಲಿನ ಲಿಫ್ಟು ಎಲ್ಲ ಜಾತಿಯವರನ್ನೂ ಒಂದೇ ಪೆಟ್ಟಿಗೆಯಲ್ಲಿ ಮೇಲೇರಿಸುತ್ತದೆ. ಇದು ಸಣ್ಣ ಸಾಧನೆಯಲ್ಲ.

ಹಾಗಾದರೆ ತಪ್ಪಿದ್ದೆಲ್ಲಿ? ಉತ್ತರ ಹುಡುಕಲು ಬಿಜೈಯಲ್ಲೇ ಒಂದು ಕಟ್ಟಡವಿದೆ. ಬಸ್ಸಿನವರು ‘ಬಿಜೈ ಮ್ಯೂಸಿಯಂ’ ಎಂದು ಕೂಗುವ ಸ್ಟಾಪಿಗೆ ಹೆಸರು ಕೊಟ್ಟ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ. ಸೇನೆಯಲ್ಲಿ ಶಸ್ತ್ರವೈದ್ಯರಾಗಿದ್ದ ಕರ್ನಲ್ ವಿ.ಆರ್. ಮಿರಾಜ್ಕರ್ ತಮ್ಮ ತಾಯಿಯ ನೆನಪಿಗೆ ಕೊಟ್ಟ ಕಟ್ಟಡ ಅದು. 1960ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಎರಡು ಅಂತಸ್ತಿನ ಆ ಕಟ್ಟಡದ ಆಕಾರ ಹಡಗಿನದು. ಶಾಲೆಯಿಂದ ಸಾಲಾಗಿ ಬರುವ ಮಕ್ಕಳಿಗೆ ಒಳಗಿನ ಶಿಲ್ಪ, ನಾಣ್ಯಗಳಿಗಿಂತ ಮೊದಲು ನೆನಪಿನಲ್ಲುಳಿಯುವುದು ಆ ಹಡಗೇ.

ಹಡಗಿನ ಆಕಾರ ಬರೀ ಒಬ್ಬರ ಶೋಕಿಯಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜಗತ್ತಿನ ಎಲ್ಲೆಡೆ ವಾಸ್ತುಶಿಲ್ಪಿಗಳ ಕಣ್ಣು ಹಡಗಿನ ಮೇಲೆ ನೆಟ್ಟಿತ್ತು. ಲ ಕಾರ್ಬ್ಯುಸಿಯೆ 1923ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸಾಗರದ ಹಡಗುಗಳ ಚಿತ್ರಗಳನ್ನು ಮುಂದಿಟ್ಟು, ಹೊಸ ಕಟ್ಟಡ ಕಲಿಯಬೇಕಾದ ಪಾಠ ಅಲ್ಲಿದೆ ಎಂದು ವಾದಿಸಿದ. ಮುಂಬಯಿಯ ಮರೀನ್ ಡ್ರೈವಿನ ಆರ್ಟ್ ಡೆಕೊ ಮನೆಗಳ ದುಂಡು ಮೂಲೆಗಳೂ ಅಡ್ಡಪಟ್ಟಿಗಳೂ ಅದೇ ಮೋಹದ ಮಕ್ಕಳು. ಅವು 2018ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದವು. ಬಿಜೈಯ ಹಡಗು ಆ ದೊಡ್ಡ ಕುಟುಂಬದ ದೂರದ ಬಂಧು. ಅದನ್ನು ಕುತೂಹಲದ ವಸ್ತುವಾಗಿ ನೋಡಿ ಮುಂದೆ ಹೋಗುತ್ತೇವೆ. ನಿಂತು ಓದಬೇಕಾದ ಕಟ್ಟಡ ಅದು. ಹಡಗೆಂದರೆ ನೀರಿನೊಂದಿಗೆ ಬಾಳುವುದಕ್ಕಾಗಿಯೇ ರೂಪುಗೊಂಡ ವಸ್ತು. ಅದರ ಒಂದೊಂದು ತಿರುವಿಗೂ ನೀರು, ಗಾಳಿ, ಉಪ್ಪು ಕಾರಣ. ಹಡಗಿನ ರೂಪವನ್ನು ಮೆಚ್ಚಿದ ಆಧುನಿಕ ಪಂಥವು ಆ ಕಾರಣಗಳನ್ನೂ ನಮ್ಮೂರಿಗೆ ತಂದಿದ್ದರೆ ಕರಾವಳಿಯ ಕಟ್ಟಡಗಳ ಕಥೆ ಬೇರೆಯಾಗುತ್ತಿತ್ತು. ಬಂದದ್ದು ಬಹುತೇಕ ರೂಪ ಮಾತ್ರ.

ಈಚಿನ ಎರಡು ದಶಕಗಳ ಗಾಜಿನ ಮುಖದ ವಾಣಿಜ್ಯ ಕಟ್ಟಡಗಳಲ್ಲಿ ಈ ಕೊರತೆ ಢಾಳಾಗಿ ಕಾಣುತ್ತದೆ. ರಸ್ತೆಗೆ ತಿರುಗಿದ ಇಡೀ ಗೋಡೆ ಗಾಜು, ಉಳಿದದ್ದಕ್ಕೆ ಎಸಿಪಿ ಎಂಬ ಅಲ್ಯುಮಿನಿಯಂ ಹೊದಿಕೆಯ ಶೀಟು. ಗಾಜಿನ ಮೂಲಕ ಒಳಹೊಕ್ಕ ಬಿಸಿಲು ಒಳಗಿನ ವಸ್ತುಗಳನ್ನು ಕಾಯಿಸುತ್ತದೆ, ಆ ಕಾವು ಗಾಜಿನಿಂದ ಸುಲಭವಾಗಿ ಹೊರಹೋಗದು. ಚಳಿಯ ದೇಶದಲ್ಲಿ ಇದೇ ಅದರ ಗುಣ. ಮಂಗಳೂರಿನ ಪಡುವಣ ಗೋಡೆಯಲ್ಲಿ ಅದೇ ದೋಷ. ಆಮೇಲೆ ಒಳಗಿನಿಂದ ಪರದೆ ಎಳೆದು, ಹಗಲಲ್ಲೇ ದೀಪ ಹಚ್ಚಿ, ಎಸಿ ಓಡಿಸುತ್ತೇವೆ. ಮಳೆಗಾಲದಲ್ಲಿ ಎಸಿಪಿಯ ಸಂದುಗಳಿಂದ ನೀರು ಇಳಿದು ಕಪ್ಪು ಗೆರೆ ಎಳೆಯುತ್ತದೆ. ಮೇಲೆ ಒಂದು ಗೇಣು ಸೂರೂ ಇಲ್ಲದ ಗೋಡೆಗೆ ಬೇರೆ ಗತಿಯಿಲ್ಲ.

ಕಾಂಕ್ರೀಟಿಗೂ ಇಲ್ಲಿ ವಿಶೇಷ ಆರೈಕೆ ಬೇಕು. ಉಪ್ಪು, ತೇವಗಳು ಸಣ್ಣ ಬಿರುಕಿನಿಂದ ಒಳಹೊಕ್ಕು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತವೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ, ಮೇಲಿನ ಕಾಂಕ್ರೀಟನ್ನು ಒಡೆದು ಚಕ್ಕೆ ಚಕ್ಕೆಯಾಗಿ ಕೆಡವುತ್ತದೆ. ನಾನು ಬಾಡಿಗೆಗಿದ್ದ ಒಂದು ಫ್ಲ್ಯಾಟಿನಲ್ಲಿ ಬಾಲ್ಕನಿಯ ಅಡಿಭಾಗದಿಂದ ಹೀಗೆ ಅಂಗೈಯಷ್ಟು ಚಕ್ಕೆ ಬಿದ್ದಾಗ ಒಳಗಿನ ಸರಳು ಕೆಂಪುಕಲ್ಲಿನ ಬಣ್ಣಕ್ಕೆ ತಿರುಗಿತ್ತು. ಆ ಬಾಲ್ಕನಿಯೂ ಎರಡಡಿಯದು, ಕುರ್ಚಿ ಹಾಕಿದರೆ ಮೊಣಕಾಲು ಕಂಬಿಗೆ ತಾಗುತ್ತಿತ್ತು. ಮಳೆಗೆ ಅದು ಒದ್ದೆ, ಬಿಸಿಲಿಗೆ ಕಾವಲಿ. ಕೊನೆಗೆ ಅಲ್ಲಿ ಬಟ್ಟೆ ಒಣಗಿಸುವ ಹಗ್ಗ, ವಾಷಿಂಗ್ ಮೆಷಿನ್, ಓರೆಮಳೆ ತಡೆಯಲು ಕಟ್ಟಿದ ನೀಲಿ ಟರ್ಪಾಲು. ನಮ್ಮ ಹಿರಿಯರ ಜಗಲಿ ಫ್ಲ್ಯಾಟಿಗೆ ಬರುವಷ್ಟರಲ್ಲಿ ಇಷ್ಟಾಗಿ ಸವೆದಿತ್ತು.

ಎತ್ತರದ ಕಟ್ಟಡದಲ್ಲಿ ಜಗಲಿ ಸಾಧ್ಯವೇ ಇಲ್ಲ ಎನ್ನುವವರಿಗೆ ಮುಂಬಯಿಯ ಕಾಂಚನಜುಂಗಾ ಉತ್ತರ ಕೊಡುತ್ತದೆ. ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ, 1983ರಲ್ಲಿ ಮುಗಿದ 28 ಮಹಡಿಗಳ ಆ ಕಟ್ಟಡದ ಮೂಲೆಗಳನ್ನು ಕೊರೆದು, ಎರಡು ಅಂತಸ್ತಿನ ಎತ್ತರದ ಆಳವಾದ ತೆರೆದ ಜಾಗಗಳನ್ನು ಮಾಡಲಾಗಿದೆ. ಕಡಲ ಗಾಳಿ ಬರುವ ಪಡುವಣ ದಿಕ್ಕಿನಿಂದಲೇ ಸಂಜೆ ಬಿಸಿಲೂ ಮಳೆಯೂ ಬರುವುದು ಅಲ್ಲಿನ ಇಕ್ಕಟ್ಟು, ನಮ್ಮದೂ ಅದೇ. ಹಳೆಯ ಬಂಗಲೆಯ ಸುತ್ತಲ ವರಾಂಡವನ್ನು ಆಕಾಶಕ್ಕೆ ಎತ್ತಿಟ್ಟು ಕೊರಿಯಾ ಆ ಇಕ್ಕಟ್ಟು ಬಿಡಿಸಿದರು. ಅದು ಸಿರಿವಂತರ ಕಟ್ಟಡ, ನಿಜ. ಆದರೆ ಅಲ್ಲಿನ ವಿಚಾರಕ್ಕೆ ಸಿರಿತನವೇ ಬೇಕೆಂದಿಲ್ಲ.

ಕಡಿಮೆ ಖರ್ಚಿನ ದಾರಿಯನ್ನು ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ತೋರಿಸಿಕೊಟ್ಟರು. ತಾರಸಿಯ ಕಾಂಕ್ರೀಟಿನ ಕೆಳಭಾಗ ಹೆಚ್ಚು ಭಾರ ಹೊರುವುದಿಲ್ಲ, ಅಲ್ಲಿ ದುಬಾರಿ ಕಾಂಕ್ರೀಟು ತುಂಬುವ ಬದಲು ಹಂಚು ಇಟ್ಟರೆ ಸಾಕು ಎಂಬುದು ಅವರು ಬಳಕೆಗೆ ತಂದ ಫಿಲ್ಲರ್ ಸ್ಲ್ಯಾಬಿನ ತಿರುಳು. ಸಿಮೆಂಟು, ಕಬ್ಬಿಣ ಉಳಿಯುತ್ತವೆ, ತೂಕ ತಗ್ಗುತ್ತದೆ, ಒಳಗಿನಿಂದ ನೋಡಿದರೆ ಛಾವಣಿಯಲ್ಲಿ ಹಂಚಿನ ಕೆಂಪು ಚೌಕಗಳು. ಪಾಕ್ ಜಲಸಂಧಿಯಾಚೆ ಶ್ರೀಲಂಕಾದಲ್ಲಿ ವಾಸ್ತುಶಿಲ್ಪಿ ಜೆಫ್ರಿ ಬಾವಾ ಸುಕ್ಕುಶೀಟಿನ ಮೇಲೆ ನಾಡಹಂಚು ಹೊದೆಸಿದರು. ನೀರು ತಡೆಯುವ ಕೆಲಸ ಶೀಟಿಗೆ, ನೆರಳು ಮತ್ತು ನೋಟದ ಕೆಲಸ ಹಂಚಿಗೆ. ನಮ್ಮ ಬಿಜೈಯ ಮನೆಯವರು ವೆಲ್ಡಿಂಗಿನವನ ಜೊತೆ ಲೆಕ್ಕ ಹಾಕಿ ತಲುಪಿದ ಜಾಗಕ್ಕೂ ಬಾವಾ ತಲುಪಿದ ಜಾಗಕ್ಕೂ ಬಹಳ ದೂರವಿಲ್ಲ. ಬಾವಾ ಅದನ್ನು ಮೊದಲೇ ಯೋಚಿಸಿ ಚೆಲುವಾಗಿ ಮಾಡಿದರು. ನಾವು ಕೊನೆಗೆ, ಗತ್ಯಂತರವಿಲ್ಲದೆ ಮಾಡುತ್ತಿದ್ದೇವೆ.

ಆದ್ದರಿಂದಲೇ ತಾರಸಿಯ ಮೇಲಿನ ಆ ಮಾಡನ್ನು ಊರಿನ ಅಂದಗೇಡು ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದರಡಿ ಒಮ್ಮೆ ಹೋಗಿ ನೋಡಬೇಕು. ಮಳೆಗಾಲದಲ್ಲಿ ಅಲ್ಲಿ ಬಟ್ಟೆ ಒಣಗುತ್ತದೆ. ಬಿಸಿಲುಗಾಲದಲ್ಲಿ ನೇರ ಬಿಸಿಲು ಬೀಳದ ಕಾರಣ ಕೆಳಗಿನ ಸ್ಲ್ಯಾಬು ಕಾಯುವುದಿಲ್ಲ, ರಾತ್ರಿ ಕೆಳಗಿನವರು ನೆಮ್ಮದಿಯಾಗಿ ಮಲಗುತ್ತಾರೆ. ಮಕ್ಕಳು ಅಲ್ಲಿ ಕ್ರಿಕೆಟ್ ಆಡುತ್ತಾರೆ. ಕ್ರೈಸ್ತರ ಮದುವೆಗೆ ಮುಂಚಿನ ರೋಸ್ ಶಾಸ್ತ್ರ, ನಿಶ್ಚಿತಾರ್ಥ, ಹುಟ್ಟುಹಬ್ಬದ ಊಟ ಅಲ್ಲೇ ನಡೆಯುತ್ತದೆ. ನಾಲ್ಕೂ ಕಡೆ ತೆರೆದ, ಮೇಲೆ ಮಾತ್ರ ಮುಚ್ಚಿದ ಆ ಜಾಗ ಕೆಳಗೆ ಕಳೆದುಕೊಂಡ ಚಾವಡಿಯೇ. ಅದು ಈಗ ಎರಡನೆಯ ಮಹಡಿ ಹತ್ತಿ ಕೂತಿದೆ, ಈ ಬಾರಿ ಯಾರನ್ನೂ ಅಂಗಳದಲ್ಲಿ ನಿಲ್ಲಿಸದೆ.

ಕರಾವಳಿಯ ಹೊಸ ವಾಸ್ತು ಇಲ್ಲಿಂದ ಶುರುವಾಗಬೇಕು. ಜನ ಈಗಾಗಲೇ ಬರೆದಿಟ್ಟ ಈ ಕರಡನ್ನು ನಮ್ಮ ಆರ್ಕಿಟೆಕ್ಟುಗಳು ಗೌರವದಿಂದ ಓದಬೇಕು. ನಕ್ಷೆಯ ಮೊದಲ ಗೆರೆಯೇ ಮಾಡಿನದಾದರೆ, ಎರಡನೆಯದು ಸೂರಿನದಾದರೆ, ಗಾಜು ಎಷ್ಟು ಬೇಕು ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ಪಾಲಿಕೆಯ ನಿಯಮಗಳು ಆಳವಾದ ಸೂರು, ಅಗಲ ಜಗಲಿಗಳನ್ನು ಉತ್ತೇಜಿಸಬೇಕು. ಕಾಲೇಜುಗಳಲ್ಲಿ ವಾಸ್ತು ಕಲಿಯುವ ಮಕ್ಕಳನ್ನು ಜುಲೈ ತಿಂಗಳಲ್ಲಿ, ಮಳೆ ಬರುತ್ತಿರುವಾಗಲೇ, ಬಿಜೈಯ ಬೀದಿಗಳಲ್ಲಿ ನಡೆಸಬೇಕು. ಯಾವ ಗೋಡೆ ಒದ್ದೆಯಾಗಿದೆ, ಯಾವುದು ಒಣಗಿದೆ ಎಂದು ಬರೆದುಕೊಂಡು ಬರಲಿ. ಮ್ಯೂಸಿಯಮ್ಮಿನ ಹಡಗಿನ ಮುಂದೆ ಒಂದು ಗಳಿಗೆ ನಿಲ್ಲಲಿ. ಆಮೇಲೆ ಯಾರದಾದರೂ ಮನೆಯ ಮೆಟ್ಟಿಲು ಹತ್ತಿ, ಶೀಟಿನ ಮೇಲೆ ಮಳೆ ಬಡಿಯುವ ಸದ್ದಿನ ಕೆಳಗೆ, ಒಣಗಲು ಹಾಕಿದ ಬಟ್ಟೆಗಳ ನಡುವೆ ಕೂತು ತಮ್ಮ ಮೊದಲ ನಕ್ಷೆ ಬರೆಯಲಿ.