ಎಮ್ಮೆ ಕಣ್ಣಿ ಹರಿದುಕೊಂಡ ಸದ್ದು

ಕನ್ನಡ ಕಥನಕ್ಕೆ ವಿಪತ್ತು ಹೊಸದಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಪ್ಲೇಗು ಬರುತ್ತದೆ, ಅವರದೇ ‘ಬರ’ದಲ್ಲಿ ಬರ. ನಾ. ಡಿಸೋಜರ ‘ದ್ವೀಪ’ದಲ್ಲಿ ಅಣೆಕಟ್ಟಿನ ನೀರು ದಿನದಿನಕ್ಕೆ ಏರುತ್ತ ಮನೆಯನ್ನು ಸುತ್ತುವರಿಯುತ್ತದೆ. ಈ ಮೂರೂ ವಿಪತ್ತುಗಳಿಗೆ ಒಂದು ಸಮಾನ ಗುಣವಿದೆ: ಅವು ಮನುಷ್ಯನಿಗೆ ಸಮಯ ಕೊಡುತ್ತವೆ. ಸತ್ತವನ ಹೆಣ ಅಗ್ರಹಾರದಲ್ಲಿ ಕೊಳೆಯುತ್ತಿರುವಾಗಲೂ ಪ್ರಾಣೇಶಾಚಾರ್ಯರಿಗೆ ಗ್ರಂಥ ತಿರುವಿ ಹಾಕಲು, ಮಾರುತಿಯ ಗುಡಿಯಲ್ಲಿ ಅಪ್ಪಣೆಗೆ ಕಾಯಲು, ಕತ್ತಲ ಕಾಡಿನಲ್ಲಿ ಚಂದ್ರಿಗೆ ಎದುರಾಗಲು ಸಮಯವಿದೆ. ಕಾದಂಬರಿಗೆ ಬೇಕಾದದ್ದು ಇದೇ. ಪಾತ್ರಗಳು ಹಿಂದೆಮುಂದೆ ನೋಡಬೇಕು, ತಪ್ಪು ನಿರ್ಧಾರ ಮಾಡಬೇಕು, ಮಾಡಿದ್ದನ್ನು ಅನುಭವಿಸಬೇಕು.

ಭೂಕಂಪ ಈ ಅನುಕೂಲ ಕೊಡುವುದಿಲ್ಲ. ಸಾಮಾನ್ಯವಾಗಿ ಒಂದು ನಿಮಿಷದೊಳಗೇ ಮುಗಿಯುತ್ತದೆ. ಅಷ್ಟರೊಳಗೆ ಯಾವ ಪಾತ್ರವೂ ಏನನ್ನೂ ನಿರ್ಧರಿಸಲಾರದು. ಆದ್ದರಿಂದ ಭೂಕಂಪದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡು ದಿಕ್ಕಿಗೆ ಓಡುತ್ತಾರೆ. ಕೆಲವರು ಹಿಂದಕ್ಕೆ: ಯಾರ ಪಾಪಕ್ಕೆ ಇದು ಬಂತು? ಕೆಲವರು ಮುಂದಕ್ಕೆ: ಇದು ಯಾವುದರ ಸಂಕೇತ? ನಡುವಿನ ಆ ಕ್ಷಣಗಳು ಯಾರಿಗೂ ಬೇಡವಾಗುತ್ತವೆ. ಭೂಕಂಪ ಅಪರೂಪವಾಗಿರುವ ನಾಡಿನಲ್ಲಂತೂ ಆ ಕ್ಷಣಗಳಲ್ಲೇ ನಿಜವಾದ ಕಥೆ ಇದೆ ಎನ್ನುವುದು ನನ್ನ ವಾದ. ಟೋಕಿಯೋದ ಮಗುವಿಗೆ ನೆಲ ಅಲುಗಿದರೆ ಮೇಜಿನ ಕೆಳಗೆ ಹೋಗಬೇಕೆಂದು ಗೊತ್ತು, ಶಾಲೆಯಲ್ಲಿ ಅಭ್ಯಾಸ ಮಾಡಿಸಿರುತ್ತಾರೆ. ನಮ್ಮ ದಖ್ಖನ್ನಿನ ಮನುಷ್ಯನಿಗೆ ಆಗುತ್ತಿರುವುದು ಏನೆಂದೇ ಗೊತ್ತಾಗುವುದಿಲ್ಲ.

1993ರ ಸೆಪ್ಟೆಂಬರ್ 30ರ ನಸುಕು, ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ ಇತ್ತು. ಹಿಂದಿನ ಸಂಜೆಯಷ್ಟೇ ಗಣಪತಿಯನ್ನು ಕಳಿಸಿ ಬಂದು ಜನ ಮಲಗಿದ್ದರು. ಮಹಾರಾಷ್ಟ್ರದ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಗಡಿಯ ಕಿಲ್ಲಾರಿಯ ಸುತ್ತಮುತ್ತ ಸುಮಾರು 10 ಸಾವಿರ ಮಂದಿ ಸತ್ತರು. ಗಡಿಯ ಈಚೆ ಬೀದರ್, ಕಲಬುರ್ಗಿಗಳಲ್ಲೂ ನೆಲ ನಡುಗಿತು. ನನ್ನ ಸೋದರತ್ತೆ ಆಳಂದದ ಕಡೆಯವರು, ಅಂದರೆ ಕಿಲ್ಲಾರಿಯಿಂದ 50-60 ಕಿಲೋಮೀಟರ್ ದೂರ. ಆ ರಾತ್ರಿಯ ಬಗ್ಗೆ ಕೇಳಿದರೆ ಅವರು ಭೂಕಂಪ ಎನ್ನುವ ಮಾತನ್ನು ಮೊದಲಿಗೆ ಆಡುವುದೇ ಇಲ್ಲ. ಅಡಕಲಿ ಗಡಿಗೆಗಳು ಕಟಕಟ ಅಂದವಂತೆ, ಬೆಕ್ಕು ಹತ್ತಿರಬೇಕು ಅಂದುಕೊಂಡರಂತೆ. ಆಮೇಲೆ ಮಳೆಗೆ ನೆನೆದಿದ್ದ ಪಕ್ಕದ ಮನೆಯ ಗೋಡೆ ಬಿತ್ತೇನೋ ಅನ್ನಿಸಿತಂತೆ. “ಎಮ್ಮಿ ಕಣ್ಣಿ ಹರಕೊಂಡದ ಅಂತ ತಿಳದೆ ನೋಡಪಾ. ಎದ್ದು ಹೋಗಿ ನೋಡಿದ್ರ ಅದೂ ನನ್ನಂಗೇ ಅಂಜಿ ನಿಂತದ.” ಆದದ್ದಕ್ಕೆ ಹೆಸರು ಸಿಕ್ಕಿದ್ದು ಬೆಳಗಾದ ಮೇಲೆ, ರೇಡಿಯೋದಿಂದ.

ಬೆಕ್ಕು, ಗೋಡೆ, ಎಮ್ಮೆ. ಈ ಮೂರು ಊಹೆಗಳಲ್ಲಿ ಆ ಮನೆಯ ಇಡೀ ಲೋಕವಿದೆ. ದನ ಮನೆಯೊಳಗೇ ಇರುತ್ತವೆ ಎನ್ನುವುದು, ಗೋಡೆ ಮಣ್ಣಿನದು ಎನ್ನುವುದು, ಮಳೆಗಾಲ ಇನ್ನೂ ಮುಗಿದಿಲ್ಲ ಎನ್ನುವುದು. ಗೊತ್ತಿರುವ ಸದ್ದುಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿ, ಯಾವುದೂ ಹೊಂದದಾಗ ಮನುಷ್ಯ ನಿಜವಾಗಿ ಹೆದರುತ್ತಾನೆ. ಮರುದಿನದ ಪತ್ರಿಕೆಗಳ ‘ರುದ್ರನರ್ತನ’, ‘ಭೂತಾಯಿಯ ಮುನಿಸು’, ‘ವಿಧಿಯ ಅಟ್ಟಹಾಸ’ಗಳಲ್ಲಿ ಈ ಹೆದರಿಕೆ ಇಲ್ಲ. ಅಲ್ಲಿ ಎಲ್ಲವೂ ಗೊತ್ತಿರುವ ಹಾಗೆ ಇದೆ: ಕುಣಿಯುವವನು ಯಾರು, ಮುನಿದವಳು ಯಾರು, ನಗುವವನು ಯಾರು ಎಂದು ಮೊದಲೇ ತೀರ್ಮಾನವಾಗಿದೆ.

ಭಾಷೆಯದೂ ಇದರಲ್ಲಿ ಒಂದಿಷ್ಟು ಪಾಲಿದೆ. ನೆಲ ಅಲುಗುವುದಿಲ್ಲ ಎನ್ನುವ ನಂಬಿಕೆಯ ಮೇಲೇ ನಮ್ಮ ಮಾತು ನಿಂತಿದೆ. ಅಮರಕೋಶ ಭೂಮಿಗೆ ಕೊಡುವ ಹೆಸರುಗಳಲ್ಲಿ ಅಚಲಾ ಇದೆ, ಸ್ಥಿರಾ ಇದೆ. ಕನ್ನಡದಲ್ಲಿ ನೆಲದ ಪಕ್ಕದಲ್ಲೇ ನೆಲೆ ಇದೆ. ಇನ್ನು ನೆಲ ಅಲುಗುವ ಮಾತುಗಳನ್ನೆಲ್ಲ ನಾವು ಬೇರೆ ಕೆಲಸಕ್ಕೆ ಸವೆಸಿದ್ದೇವೆ. ಸಾಲಗಾರ ಮನೆಗೆ ಬಂದರೂ ಕಾಲ ಕೆಳಗಿನ ನೆಲ ಕುಸಿಯುತ್ತದೆ, ಮೂವರು ಶಾಸಕರು ಪಕ್ಷ ಬಿಟ್ಟರೂ ರಾಜಕೀಯ ಭೂಕಂಪವಾಗುತ್ತದೆ. ನಿಜವಾಗಿ ನೆಲ ನಡುಗಿದ ದಿನ ಬರಹಗಾರನ ಕೈಗೆ ಉಳಿಯುವುದು ಸವೆದ ನಾಣ್ಯ ಮಾತ್ರ.

ಪಾಪದ ಕಡೆಗೆ ಓಡಿದವರ ಕಥೆ ಪರಿಚಿತವೇ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಇಗರ್ಜಿಗಳು ತುಂಬಿದ್ದಾಗ ಲಿಸ್ಬನ್ ಉರುಳಿತು. ವೋಲ್ತೇರನ ‘ಕ್ಯಾಂಡೀಡ್’ನಲ್ಲಿ ಆಮೇಲೆ ಪಂಡಿತರು ಸೇರಿ, ಕೆಲವರನ್ನು ವಿಧ್ಯುಕ್ತವಾಗಿ ಸುಟ್ಟರೆ ಭೂಕಂಪ ಮರುಕಳಿಸುವುದಿಲ್ಲ ಎಂದು ನಿರ್ಣಯಿಸುತ್ತಾರೆ. ಶಿಕ್ಷೆ ಮುಗಿದ ದಿನವೇ ನೆಲ ಮತ್ತೆ ನಡುಗುತ್ತದೆ. ನಮ್ಮಲ್ಲಿ 1934ರ ಬಿಹಾರದ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಗಾಂಧೀಜಿ ಹೇಳಿದರು, ಟಾಗೋರರು ಪ್ರತಿಭಟಿಸಿದರು. ಆ ಪ್ರತಿಭಟನೆಯನ್ನು ಗಾಂಧೀಜಿ ತಮ್ಮ ‘ಹರಿಜನ’ದಲ್ಲೇ ಅಚ್ಚುಮಾಡಿ ಉತ್ತರ ಕೊಟ್ಟರು. ಗಾಂಧೀಜಿಯ ಉದ್ದೇಶ ದೊಡ್ಡದು. ಆದರೆ ಆ ವಾದದಲ್ಲಿ ಬಿದ್ದ ಗೋಡೆಗೆ ಜಾಗವೇ ಇಲ್ಲ.

ಜರ್ಮನ್ ಲೇಖಕ ಕ್ಲೈಸ್ಟ್ 1807ರಲ್ಲಿ ಪ್ರಕಟಿಸಿದ ‘ಚಿಲಿಯ ಭೂಕಂಪ’ ಇವೆರಡಕ್ಕಿಂತ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಕ್ಲೈಸ್ಟ್ ಚಿಲಿಯನ್ನು ಕಂಡವನಲ್ಲ. ಅಲ್ಲಿ ಅಪರೂಪವಲ್ಲದ ಭೂಕಂಪ ಬರ್ಲಿನ್ನಿನ ಕಡೆಯ ಈ ಮನುಷ್ಯನಿಗೆ ಪೂರ್ತಿ ಅಪರಿಚಿತ. 1647ರ ಸಾಂಟಿಯಾಗೋ. ಪ್ರೀತಿಸಿದ ತಪ್ಪಿಗೆ ಜೆರೋನಿಮೋ ಸೆರೆಯಲ್ಲಿದ್ದಾನೆ, ಜೊಸೆಫಾಳನ್ನು ಕೊಲ್ಲಲು ಕರೆದೊಯ್ಯುತ್ತಿದ್ದಾರೆ. ಸೆರೆಮನೆಯ ಕಂಬಕ್ಕೆ ಅವನು ನೇಣು ಹಾಕಿಕೊಳ್ಳಲು ಹೊರಟಾಗ ನೆಲ ನಡುಗುತ್ತದೆ. ಸಾಯಲು ಆರಿಸಿಕೊಂಡಿದ್ದ ಆ ಕಂಬವನ್ನೇ ಬೀಳದಿರಲೆಂದು ಅವನು ತಬ್ಬಿ ಹಿಡಿಯುತ್ತಾನೆ. ಇದಕ್ಕೆ ವಿವರಣೆ ಇಲ್ಲ, ಟಿಪ್ಪಣಿ ಇಲ್ಲ. ಕೈ ಮಾಡಿದ ಕೆಲಸ ಅಷ್ಟೇ, ತಲೆಗೆ ಇನ್ನೂ ಸುದ್ದಿ ತಲುಪಿಲ್ಲ. ನಡುವಿನ ಕ್ಷಣಗಳನ್ನು ಬರೆಯುವುದು ಅಂದರೆ ಇದು. ಇನ್ನೊಂದು ಸೂಕ್ಷ್ಮವೂ ಇದೆ: ಕಥೆಯ ಮೊದಲ ವಾಕ್ಯದಲ್ಲೇ ಭೂಕಂಪವೂ ಸಾವಿರಾರು ಜನರ ಸಾವೂ ಬಂದುಬಿಡುತ್ತವೆ, ಆದರೆ ಉಪವಾಕ್ಯಗಳಲ್ಲಿ. ಮುಖ್ಯವಾಕ್ಯ ಆ ಒಬ್ಬ ಮನುಷ್ಯನಿಗೆ ಮೀಸಲು.

ಆಮೇಲಿನದು ಗೊತ್ತಿರುವ ದಾರಿ. ಬದುಕಿ ಉಳಿದ ಪ್ರೇಮಿಗಳು ಕಣಿವೆಯಲ್ಲಿ ಒಂದು ರಾತ್ರಿ ನೆಮ್ಮದಿಯಾಗಿರುತ್ತಾರೆ, ಮೇಲುಕೀಳಿಲ್ಲದೆ ಎಲ್ಲರೂ ಅನ್ನ ಹಂಚಿಕೊಳ್ಳುತ್ತಾರೆ. ಮರುದಿನ ಬೀಳದೆ ಉಳಿದ ಒಂದು ಇಗರ್ಜಿಗೆ ಕೃತಜ್ಞತೆ ಹೇಳಲು ಹೋಗುತ್ತಾರೆ. ಅಲ್ಲಿ ಪಾದ್ರಿ ಊರಿನ ಪಾಪಗಳನ್ನು ಎಣಿಸುತ್ತಾನೆ, ಗುಂಪು ಅವರನ್ನು ಬಡಿದು ಕೊಲ್ಲುತ್ತದೆ. ನೆಲ ಉಳಿಸಿದವರನ್ನು ವ್ಯಾಖ್ಯಾನ ಕೊಲ್ಲುತ್ತದೆ.

ಸಂಕೇತದ ಕಡೆಗೆ ಹೋದವರಲ್ಲಿ ಈಗಿನ ಓದುಗರಿಗೆ ಹತ್ತಿರದವನು ಮುರಕಾಮಿ. 1995ರ ಜನವರಿ 17ರ ಬೆಳಿಗ್ಗೆ 5.46ಕ್ಕೆ ಕೋಬೆ ನಗರ ಉರುಳಿ 6,400ಕ್ಕೂ ಹೆಚ್ಚು ಜನ ಸತ್ತರು. ಜಪಾನ್ ಅಂದಮೇಲೆ ಅಪರೂಪ ಹೇಗೆ ಎಂದು ಕೇಳಬಹುದು. ಆದರೆ ದೊಡ್ಡ ಭೂಕಂಪ ಟೋಕಿಯೋ ಕಡೆಯದು, ನಮ್ಮ ಕಡೆ ಬರುವುದಿಲ್ಲ ಎಂಬ ನಂಬಿಕೆ ಕೋಬೆ, ಒಸಾಕಾಗಳಲ್ಲಿ ಗಟ್ಟಿಯಾಗಿತ್ತು. ಮುರಕಾಮಿ ಬೆಳೆದದ್ದು ಆ ಸೀಮೆಯಲ್ಲೇ. 2000ದಲ್ಲಿ ಬಂದ ಅವನ ಆರು ಕಥೆಗಳ ಸಂಕಲನ, ಇಂಗ್ಲಿಷಿನಲ್ಲಿ ‘ಆಫ್ಟರ್ ದ ಕ್ವೇಕ್’. ಆರೂ ಕಥೆಗಳು ನಡೆಯುವುದು 1995ರ ಫೆಬ್ರವರಿಯಲ್ಲಿ, ಒಂದೂ ಕೋಬೆಯಲ್ಲಿ ನಡೆಯುವುದಿಲ್ಲ. ಮೊದಲ ಕಥೆಯಲ್ಲಿ ಕೊಮುರಾನ ಹೆಂಡತಿ ಐದು ದಿನ ಟೀವಿಯ ಮುಂದಿನಿಂದ ಏಳದೆ ಅವಶೇಷಗಳನ್ನು ನೋಡುತ್ತಾಳೆ, ಆರನೆಯ ದಿನ ಗಂಡನನ್ನು ಬಿಟ್ಟು ಹೋಗುತ್ತಾಳೆ. ಇನ್ನೊಂದರಲ್ಲಿ ಮಧ್ಯವಯಸ್ಸಿನ ವೈದ್ಯೆಯೊಬ್ಬಳು ತನಗೆ ಕೇಡು ಮಾಡಿದವನು ಕೋಬೆಯಲ್ಲಿ ಸತ್ತಿರಲಿ ಎಂದು ಬಯಸುತ್ತಾಳೆ.

ಈ ದೂರ ಇಡುವಿಕೆಯನ್ನು ವಿಮರ್ಶಕರು ಮೆಚ್ಚಿದ್ದಾರೆ, ಅದಕ್ಕೆ ಕಾರಣವೂ ಇದೆ. ನಡುಕ ನಡುಗಿದ ಊರಿನಲ್ಲಿ ನಿಲ್ಲುವುದಿಲ್ಲ ಎನ್ನುವುದು ನಿಜ. ಆದರೂ ನಾಲ್ಕು ಕಥೆ ಓದುವ ಹೊತ್ತಿಗೆ ನನಗೆ ಒಂದು ಕಸಿವಿಸಿ ಶುರುವಾಗುತ್ತದೆ. ಭೂಕಂಪ ಬರಬರುತ್ತ ಒಳಗಿನ ಖಾಲಿತನದ ಇನ್ನೊಂದು ಹೆಸರಾಗುತ್ತದೆ. ಕೋಬೆಯಲ್ಲಿ ಬಹಳ ಜನರನ್ನು ಕೊಂದದ್ದು ಹಳೆಯ ಮರದ ಮನೆಗಳ ಮೇಲಿದ್ದ ಭಾರವಾದ ಹೆಂಚಿನ ಮಾಡು. ಆ ಹೆಂಚು ಈ ಪುಸ್ತಕದಲ್ಲಿ ಯಾರ ತಲೆಯ ಮೇಲೂ ಬೀಳುವುದಿಲ್ಲ. ಪಾಪದವರು ಗೋಡೆಯನ್ನು ಮರೆತ ಹಾಗೆಯೇ ಸಂಕೇತದವರೂ ಮರೆಯುತ್ತಾರೆ. ಇದು ಚೆನ್ನಾಗಿ ಬರೆಯುವವರ ಮರೆವು, ಅದಕ್ಕೇ ಗುರುತಿಸುವುದು ಕಷ್ಟ.

ಸಂಕಲನವನ್ನು ಉಳಿಸುವುದು ಕೊನೆಯ ಎರಡು ಕಥೆಗಳು. ಕಪ್ಪೆಯ ಕಥೆಯಲ್ಲಿ ಸಾಲ ವಸೂಲಿಯ ಬ್ಯಾಂಕ್ ನೌಕರ ಕಟಗಿರಿಯ ಮನೆಗೆ ಆಳೆತ್ತರದ ಕಪ್ಪೆ ಬಂದು, ಟೋಕಿಯೋದ ಅಡಿಯಲ್ಲಿ ಸಿಟ್ಟಾಗಿ ಮಲಗಿರುವ ಹುಳುವಿನ ಜೊತೆ ಹೋರಾಡಲು ನೆರವು ಕೇಳುತ್ತದೆ. ಕೊನೆಗೆ ಭೂಕಂಪ ಆಗುವುದಿಲ್ಲ, ಆಗಲಿಲ್ಲ ಎನ್ನುವುದು ಯಾರಿಗೂ ಗೊತ್ತಾಗುವುದೂ ಇಲ್ಲ. ಕೊನೆಯ ಕಥೆಯಲ್ಲಿ ಸಾಲಾ ಎಂಬ ಪುಟ್ಟ ಹುಡುಗಿ ರಾತ್ರಿ ಚೀರಿ ಏಳುತ್ತಾಳೆ. ‘ಭೂಕಂಪದ ಮನುಷ್ಯ’ ಬಂದು ಅವಳನ್ನು ಚಿಕ್ಕ ಪೆಟ್ಟಿಗೆಯೊಳಗೆ ತುರುಕಲು ನೋಡುತ್ತಾನೆ. ಟೀವಿ ನೋಡಿ ಹೆದರಿದ ಮಗು ಎಂದು ದೊಡ್ಡವರು ಸಮಾಧಾನ ಹೇಳಿಕೊಳ್ಳುತ್ತಾರೆ. ಆದರೆ ಈ ಪುಸ್ತಕದಲ್ಲಿ ಭೂಕಂಪವನ್ನು ನೇರವಾಗಿ ಊಹಿಸಲು ಹೊರಟವಳು ಆ ಮಗು ಒಂದೇ. ಹೆಸರಿಲ್ಲದ್ದಕ್ಕೆ ತನ್ನ ಕೈಗೆ ಸಿಕ್ಕ ಆಕಾರ ಕೊಡುತ್ತಾಳೆ: ಒಬ್ಬ ಮನುಷ್ಯ, ಒಂದು ಪೆಟ್ಟಿಗೆ. ಪೆಟ್ಟಿಗೆಯ ಇಕ್ಕಟ್ಟಿನಲ್ಲಿ ಕುಸಿದ ಮನೆಯ ಇಕ್ಕಟ್ಟು ಇದೆ. ನಮ್ಮತ್ತೆಯ ಎಮ್ಮೆ ಇದೇ ಜಾತಿಯದು.

ಕಿಲ್ಲಾರಿಯನ್ನು ಯಾರಾದರೂ ಕಥೆಯಾಗಿ ಬರೆದರೆ ಈ ಜಾತಿಯ ಬರಹಕ್ಕೆ ಬೇಕಾದ ಸಾಮಗ್ರಿ ಅಲ್ಲಿ ರಾಶಿ ಬಿದ್ದಿದೆ. ಆಗಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಇದ್ದದ್ದು ಒಂದನೆಯ ವಲಯದಲ್ಲಿ, ಅಂದರೆ ಅತಿ ಕಡಿಮೆ ಅಪಾಯದ ಜಾಗ. 2002ರಲ್ಲಿ ನಕ್ಷೆ ಪರಿಷ್ಕರಿಸಿದಾಗ ಒಂದನೆಯ ವಲಯವನ್ನೇ ತೆಗೆದುಹಾಕಿದರು. ಭಾರತದಲ್ಲಿ ಈಗ ವಲಯಗಳ ಎಣಿಕೆ ಎರಡರಿಂದ ಶುರು, ನಕ್ಷೆಯೇ ಒಂದು ಅಂಕಿಯನ್ನು ಕಳೆದುಕೊಂಡಿದೆ. 1992ರಲ್ಲೇ ಕಿಲ್ಲಾರಿಯ ಸುತ್ತ ಸಣ್ಣ ನಡುಕಗಳಾಗಿದ್ದವು. ಮನೆಗಳನ್ನು ನೋಡಿದರಂತೂ ಒಂದು ಕ್ರೂರ ವ್ಯಂಗ್ಯ. ದುಂಡು ಕಲ್ಲನ್ನು ಮಣ್ಣಿನಲ್ಲಿ ಕೂಡಿಸಿ ಎಬ್ಬಿಸಿದ ದಪ್ಪ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ಮಣ್ಣಿನ ಮಾಳಿಗೆ. ಬಿಸಿಲು ಒಳಗೆ ಬರಬಾರದು, ಮಳೆ ಸೋರಬಾರದು ಎಂದು ಮಾಳಿಗೆಗೆ ಮತ್ತೆ ಮತ್ತೆ ಮಣ್ಣು ಏರಿಸುತ್ತಿದ್ದರು. ಗೋಡೆ ಎಷ್ಟು ದಪ್ಪವೋ ಮನೆತನಕ್ಕೆ ಅಷ್ಟು ಗೌರವ. ಆ ರಾತ್ರಿ ಕೊಂದದ್ದು ಆ ಕಲ್ಲು, ಆ ಮಣ್ಣು. ಹಗುರವಾದ ಗುಡಿಸಲು ಬಿದ್ದರೂ ಒಳಗಿದ್ದವರು ಎದ್ದು ಬರಬಹುದಿತ್ತು. ಅಜ್ಜ ಕಟ್ಟಿದ, ಅಪ್ಪ ಮಣ್ಣು ಏರಿಸಿದ ಮಾಳಿಗೆ ಮೊಮ್ಮಗನ ಮೇಲೆ ಬಿದ್ದಿತು ಎನ್ನುವುದರಲ್ಲಿ ಮೂರು ತಲೆಮಾರಿನ ಕಾದಂಬರಿ ಇದೆ. ಭೂಕಂಪ ಸಮಯ ಕೊಡುವುದಿಲ್ಲ ಅಂದೆ. ಗೋಡೆ ಕೊಡುತ್ತದೆ. ಒಂದೊಂದು ಬುಟ್ಟಿ ಮಣ್ಣು ಏರಿದ ವರ್ಷಗಳೆಲ್ಲ ಅದರಲ್ಲಿವೆ. ಈ ಕಡೆಯಿಂದ ಹೊರಟವನಿಗೆ ಪಾಪಿಯೂ ಬೇಡ, ಸಂಕೇತವೂ ಬೇಡ.

2021ರ ಅಕ್ಟೋಬರ್‌ನಲ್ಲಿ ಕಲಬುರ್ಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ಮತ್ತೆ ಮತ್ತೆ ನಡುಗಿತು. ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು, ಕೆಲವರು ಊರನ್ನೇ ಬಿಟ್ಟರು. ಆಗ ಟೀವಿಯವರು ಭೂಕಂಪದ ಬಗ್ಗೆ ಕೇಳಿದರೆ ಅವರು ಹೇಳುತ್ತಿದ್ದದ್ದು ಸದ್ದಿನ ಬಗ್ಗೆ, ನೆಲದೊಳಗಿಂದ ಬರುವ ಸದ್ದು. ಆ ಸೀಮೆಯಲ್ಲಿ ಇಂಥದ್ದಕ್ಕೆ ಕರ್ತೃಪದ ಬಿಟ್ಟೇ ಮಾತಾಡುತ್ತಾರೆ: “ರಾತ್ರಿ ಮತ್ತ ಬಂತ್ರಿ.” ಮಳೆ ಬಂತು, ಬೀಗರು ಬಂದರು, ಬಸ್ಸು ಬಂತು ಅನ್ನುವಾಗಿನ ಅದೇ ಕ್ರಿಯಾಪದ, ಬಂದದ್ದು ಯಾವುದು ಎನ್ನುವ ಜಾಗ ಮಾತ್ರ ಖಾಲಿ.