‘ಕರುಳು ಹಾರುವುದಿಲ್ಲ’: ಒಂದು ಪ್ರಬಂಧದ ಪರಾಮರ್ಶೆ

ಪಟ್ಟೆಬಾಲದ ಗಾಡ್ವಿಟ್ ಎಂಬ ವಲಸೆಹಕ್ಕಿಯ ದೇಹಸ್ಥಿತಿಯನ್ನು ಕುರಿತು ಥ್ಯೂನಿಸ್ ಪಿಯರ್ಸ್ಮಾ ಮತ್ತು ರಾಬರ್ಟ್ ಗಿಲ್ ಎಂಬ ವಿದ್ವಾಂಸರು 1998ರಲ್ಲಿ ‘ದಿ ಆಕ್’ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದರ ತಲೆಬರಹ ‘ಕರುಳು ಹಾರುವುದಿಲ್ಲ’ ಎಂಬರ್ಥದ್ದು. ವಿಜ್ಞಾನದ ಪ್ರಬಂಧಗಳ ತಲೆಬರಹಗಳು ಸಾಮಾನ್ಯವಾಗಿ ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ, ಇದು ಉಳಿಯಿತು. ಹಾಗೆ ಉಳಿದುದರಿಂದಲೇ ಅದನ್ನು ಪರೀಕ್ಷಿಸಿ ನೋಡುವುದು ಉಚಿತವೆಂದು ನಮಗೆ ತೋರುತ್ತದೆ.

ಅಲಾಸ್ಕ ಪರ್ಯಾಯದ್ವೀಪದಲ್ಲಿ ರೇಡಾರಿನ ಗುಮ್ಮಟಕ್ಕೆ ಬಡಿದು ಕೆಲವು ಗಾಡ್ವಿಟ್‌ಗಳು ಸತ್ತವು. ಅವು ಶಾಂತಸಾಗರವನ್ನು ದಾಟಲು ಆಗತಾನೆ ಹೊರಟಿದ್ದ ಹಕ್ಕಿಗಳೆಂದು ಲೇಖಕರ ಊಹೆ. ಛೇದಿಸಿ ನೋಡಲಾಗಿ ದೇಹದ ತೂಕದಲ್ಲಿ ಸುಮಾರು 55 ಶೇಕಡ ಕೊಬ್ಬೇ ಆಗಿತ್ತು. ಹಕ್ಕಿಗಳಲ್ಲಿ ಇದುವರೆಗೆ ಕಂಡುಬಂದಿರುವ ಅತ್ಯಧಿಕ ಪ್ರಮಾಣಗಳಲ್ಲಿ ಇದೂ ಒಂದು. ಅದೇ ವೇಳೆಯಲ್ಲಿ ಆಹಾರವನ್ನು ಅರೆಯುವ ಜಠರ, ಯಕೃತ್ತು, ಮೂತ್ರಪಿಂಡ, ಕರುಳು ಇವೆಲ್ಲ ಬಹಳ ಸಣ್ಣವಾಗಿದ್ದವು. ಹಾರಾಟಕ್ಕೆ ನೇರವಾಗಿ ಬೇಡದ ಅಂಗಗಳನ್ನು ಹಕ್ಕಿ ಹೊರಡುವಾಗ ಕುಗ್ಗಿಸಿಕೊಂಡು, ತಲುಪಿದ ಮೇಲೆ ಮತ್ತೆ ಕಟ್ಟಿಕೊಳ್ಳುತ್ತದೆಂಬುದು ಲೇಖಕರ ಸೂಚನೆ. ಅಂಗವೆಂದರೆ ಸ್ಥಿರವಾದ ವಸ್ತುವೆಂದು ನಂಬಿದ್ದ ಶರೀರಶಾಸ್ತ್ರಕ್ಕೆ ಇದು ದೊಡ್ಡ ಪೆಟ್ಟು. ಪ್ರಬಂಧದ ಈ ಹಿರಿಮೆಯನ್ನು ನಾವು ಸಂಕೋಚವಿಲ್ಲದೆ ಒಪ್ಪುತ್ತೇವೆ.

ಆದರೆ ಹೋಲಿಕೆಗೆ ತೆಗೆದುಕೊಂಡ ಹಕ್ಕಿಗಳು ಯಾವುವು? ನ್ಯೂಜಿಲೆಂಡಿನಿಂದ ಉತ್ತರಕ್ಕೆ ಹೊರಡಲಿದ್ದ ಅದೇ ಉಪಪ್ರಭೇದದ ಹಕ್ಕಿಗಳು. ಅವೂ ಮಹಾಯಾನದ ಹೊಸ್ತಿಲಲ್ಲಿಯೇ ಇದ್ದುವಲ್ಲ! ಕರುಳು ಹಾರುವುದಿಲ್ಲವೆಂಬುದು ಸರ್ವತ್ರ ಸತ್ಯವಾದರೆ ಅವುಗಳ ಕರುಳೂ ಅಷ್ಟೇ ಕುಗ್ಗಿರಬೇಕಾಗಿತ್ತು. ಕೊನೆಯ ಕೆಲವು ದಿನಗಳಲ್ಲಿ ಅವೂ ಕುಗ್ಗುತ್ತಿದ್ದುವೆಂದು ಹೇಳಬಹುದು; ಆ ಸಮಾಧಾನ ಅಸಾಧ್ಯವೇನಲ್ಲ. ಆದರೂ ತಲೆಬರಹದ ಚಮತ್ಕಾರವು ಓದುಗನ ಮನಸ್ಸಿನಿಂದ ಈ ಪ್ರಶ್ನೆಯನ್ನೇ ಮರೆಸಿಬಿಡುತ್ತದೆ. ನಮಗೆ ಅದು ಪ್ರಬಂಧದ ಅತ್ಯಂತ ಸ್ವಾರಸ್ಯವಾದ ಪ್ರಶ್ನೆ.

ಸತ್ತ ಹಕ್ಕಿಗಳ ಎರಡು ಗುಂಪುಗಳನ್ನು ಹೋಲಿಸಿ ಒಂದೇ ಹಕ್ಕಿಯ ಜೀವನವನ್ನು ಊಹಿಸುವುದು ಅಪಾಯಕರ. ಈ ಕೊರತೆಯನ್ನು ಗಾಡ್ವಿಟ್‌ನ ಬಂಧುವಾದ ರೆಡ್ ನಾಟ್ ಹಕ್ಕಿಯಲ್ಲಿ ನಡೆಸಿದ ಪ್ರಯೋಗಗಳು ಬಹುಮಟ್ಟಿಗೆ ತುಂಬಿದುವು. ಅಲ್ಟ್ರಾಸೌಂಡ್ ಉಪಕರಣದಿಂದ ಜೀವಂತ ಹಕ್ಕಿಯ ಜಠರವನ್ನೇ ಮತ್ತೆ ಮತ್ತೆ ಅಳೆದಾಗ, ಮೃದುವಾದ ಆಹಾರಕ್ಕೆ ಅದು ಕುಗ್ಗುವುದೂ ಗಟ್ಟಿಯಾದ ಚಿಪ್ಪುಗಳಿಗೆ ಹಿಗ್ಗುವುದೂ ಕಂಡುಬಂದಿತು. ಇದೆಲ್ಲ ಕೆಲವೇ ದಿನಗಳ ಮಾತು. ಅಂದಮೇಲೆ ಅಂಗದ ಗಾತ್ರವನ್ನು ನಿರ್ಧರಿಸುವುದು ಹಾರಾಟವೊಂದೇ ಅಲ್ಲ, ತಿನ್ನುವ ನೆಲವೂ ಹೌದು.

ಉಪಗ್ರಹಗಳ ಸಾಕ್ಷ್ಯವನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. 2007ರಲ್ಲಿ ಒಂದು ಹೆಣ್ಣುಹಕ್ಕಿ ನ್ಯೂಜಿಲೆಂಡಿನಿಂದ ಚೀನದ ಯಾಲು ನದೀಮುಖಕ್ಕೆ ಸುಮಾರು 10,000 ಕಿಲೋಮೀಟರ್ ನಿಲ್ಲದೆ ಹಾರಿತು. ಹಳದಿ ಸಮುದ್ರದ ಕೆಸರುಬಯಲಿನಲ್ಲಿ ಸುಮಾರು ಐದು ವಾರ ಮೇಯ್ದು ಅಲಾಸ್ಕಕ್ಕೆ ಹೋಯಿತು. ಅಲ್ಲಿಂದ 11,000 ಕಿಲೋಮೀಟರಿಗೂ ಮೀರಿದ ಒಂದೇ ಹಾರಾಟದಲ್ಲಿ ನ್ಯೂಜಿಲೆಂಡಿಗೆ ಮರಳಿತು. ಪತ್ರಿಕೆಗಳು ಕೊಂಡಾಡಿದ್ದು ಈ ಕೊನೆಯ ಹಾರಾಟವನ್ನು. ನಮ್ಮ ಗಮನ ಆ ಐದು ವಾರಗಳ ಮೇಲೆ. ದಕ್ಷಿಣಕ್ಕೆ ಬಂದ ಹಕ್ಕಿಗೆ ಕರುಳನ್ನು ಮತ್ತೆ ಕಟ್ಟಿಕೊಳ್ಳಲು ತಿಂಗಳುಗಳ ಬಿಡುವಿದೆ. ಉತ್ತರಕ್ಕೆ ಹೊರಟುದಕ್ಕೆ ಅಂಥ ಬಿಡುವಿಲ್ಲ; ಇಳಿದ ಕೂಡಲೆ ತಿನ್ನಬೇಕು, ಅರಗಿಸಬೇಕು, ಮುಂದಿನ ಹಾರಾಟಕ್ಕೂ ಗೂಡುಕಟ್ಟುವ ಕಾಲಕ್ಕೂ ಕೊಬ್ಬನ್ನು ಕೂಡಿಸಬೇಕು. ನ್ಯೂಜಿಲೆಂಡಿನ ಹಕ್ಕಿಗಳ ದೊಡ್ಡ ಕರುಳಿಗೆ ಕಾರಣವನ್ನು ಇಲ್ಲಿ ಹುಡುಕಬಹುದೆಂದು ನಮ್ಮ ಅಭಿಪ್ರಾಯ. ಅದು ಹೊರೆಯಲ್ಲ, ಮುಂಗಡವಾಗಿ ಕಟ್ಟಿಕೊಂಡ ಬುತ್ತಿಯ ಪಾತ್ರೆ.

ಇದು ಬರಿಯ ಶಬ್ದವಿಚಾರವಲ್ಲ. ಹಳದಿ ಸಮುದ್ರದ ಉಬ್ಬರವಿಳಿತದ ಬಯಲುಗಳಲ್ಲಿ 1980ರ ದಶಕದಲ್ಲಿ ಇದ್ದುದರ 28 ಶೇಕಡ ಭಾಗ 2000ರ ದಶಕದ ಕೊನೆಯ ಹೊತ್ತಿಗೆ ಅಳಿದಿತ್ತು. ದಕ್ಷಿಣ ಕೊರಿಯದ ಸೇಮಾಂಗುಮ್‌ನಲ್ಲಿ 2006ರಲ್ಲಿ ಮುಚ್ಚಿಕೊಂಡ 33 ಕಿಲೋಮೀಟರಿನ ಕಟ್ಟೆಯೊಂದೇ ವಿಶಾಲವಾದ ಮೇವಿನ ನೆಲೆಯನ್ನು ನುಂಗಿತು. ಹಕ್ಕಿಯನ್ನು ಎಣ್ಣೆ ತುಂಬಿದ ಯಂತ್ರವೆಂದು ಬಗೆದವನು, ಒಂದು ಬಯಲು ಹೋದರೆ ಪಕ್ಕದ ಬಯಲಿಗೆ ಹೋದೀತು ಎಂದಾನು. ಸೊರಗಿದ ಜಠರದೊಡನೆ ಇಳಿದ ಹಕ್ಕಿಗೆ ಎಲ್ಲ ಕೆಸರೂ ಒಂದೇ ಅಲ್ಲ; ಅದು ಅರಗಿಸಬಲ್ಲ ಮೇವು ಅದು ಇಳಿದ ವಾರದಲ್ಲಿಯೇ ಅಲ್ಲಿರಬೇಕು. ನಮ್ಮ ಕಾಲೇಜುಗಳಲ್ಲಿ ಶರೀರಶಾಸ್ತ್ರವನ್ನು ಒಂದು ಪತ್ರಿಕೆಯಾಗಿಯೂ ಪರಿಸರಶಾಸ್ತ್ರವನ್ನು ಇನ್ನೊಂದಾಗಿಯೂ ಬೋಧಿಸುವವರು ಈ ಪ್ರಬಂಧವನ್ನು ಎರಡು ತರಗತಿಗಳಲ್ಲಿಯೂ ಓದಿಸುವುದು ಲೇಸು. ಓದಿಸುವಾಗ ತಲೆಬರಹಕ್ಕಿಂತ ಮೊದಲು ನ್ಯೂಜಿಲೆಂಡಿನ ಹಕ್ಕಿಗಳ ಅಳತೆಗಳನ್ನು ವಿದ್ಯಾರ್ಥಿಗಳ ಮುಂದಿಡಬೇಕು.