ಅರಮನೆಯ ಪಂಕ್ತಿಯಲ್ಲಿ ಬಿಷಪರು: ಯುಸೇಬಿಯಸನ ‘ಕಾನ್‌ಸ್ಟಂಟೈನನ ಜೀವನ’ವನ್ನು ಮರಳಿ ಓದುವಾಗ

ಕ್ರಿ.ಶ. 325ರಲ್ಲಿ, ನಿಕೇಯ ಮಹಾಸಭೆಯು ನಡೆದ ವರ್ಷದಲ್ಲೇ, ಕಾನ್‌ಸ್ಟಂಟೈನ್ ಚಕ್ರವರ್ತಿಯು ತನ್ನ ಆಳ್ವಿಕೆಯ ಇಪ್ಪತ್ತನೆಯ ವರ್ಷದ ಉತ್ಸವವನ್ನು ಆಚರಿಸಿ ಬಿಷಪರಿಗೆ ಅರಮನೆಯಲ್ಲಿ ಔತಣವನ್ನಿತ್ತನು. ಕೈಸರೈಯದ ಬಿಷಪನಾದ ಯುಸೇಬಿಯಸನು ‘ಕಾನ್‌ಸ್ಟಂಟೈನನ ಜೀವನ’ದ ಮೂರನೆಯ ಭಾಗದಲ್ಲಿ ಇದನ್ನು ವರ್ಣಿಸುತ್ತಾನೆ. ಕತ್ತಿ ಹಿರಿದ ಕಾವಲುಭಟರು ಬಾಗಿಲ ಸುತ್ತ ನಿಂತಿದ್ದರು. ದೇವರ ಸೇವಕರು ಅವರ ನಡುವೆಯೇ ಭಯವಿಲ್ಲದೆ ಒಳಗಣ ಕೋಣೆಗಳವರೆಗೆ ನಡೆದುಹೋದರು. ಕೆಲವರು ಚಕ್ರವರ್ತಿಯ ಜೊತೆಯಲ್ಲಿಯೇ ಒರಗಿ ಕುಳಿತರು, ಉಳಿದವರು ಎರಡೂ ಪಕ್ಕಗಳಲ್ಲಿ. ಊಟವಾದ ಮೇಲೆ ಒಬ್ಬೊಬ್ಬನಿಗೂ ಅವನವನ ಅಂತಸ್ತಿಗೆ ತಕ್ಕ ಉಡುಗೊರೆ. ಕಂಡವರಿಗೆ ಇದು ಕ್ರಿಸ್ತನ ರಾಜ್ಯದ ಚಿತ್ರವೋ ಎಂದೂ, ನನಸಲ್ಲ, ಕನಸೋ ಎಂದೂ ತೋರುವಂತಿತ್ತೆಂದು ಲೇಖಕನು ಹೇಳುತ್ತಾನೆ.

ಯುಸೇಬಿಯಸನನ್ನು ಹೊಗಳುಭಟನೆಂದು ತಳ್ಳಿಹಾಕಿದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಆದರೆ ಅದು ನ್ಯಾಯವಲ್ಲ. ಅವನ ಗುರುವಾದ ಪಾಂಫಿಲಸನು ಸುಮಾರು 310ರಲ್ಲಿ ಹುತಾತ್ಮನಾದನು. ಗಣಿಗಳಿಗೆ ಸಾಗಿಸಲ್ಪಟ್ಟ ವಿಶ್ವಾಸಿಗಳ ಬಲಗಣ್ಣು ಕಿತ್ತು, ಎಡಗಾಲಿನ ನರವನ್ನು ಕಾದ ಕಬ್ಬಿಣದಿಂದ ಸುಟ್ಟುದನ್ನು ‘ಪ್ಯಾಲೆಸ್ತೀನಿನ ಹುತಾತ್ಮರು’ ಎಂಬ ಗ್ರಂಥದಲ್ಲಿ ಬರೆದಿಟ್ಟವನು ಇದೇ ಯುಸೇಬಿಯಸನು. ಬಾಗಿಲಲ್ಲಿ ಹೊಳೆದ ಕತ್ತಿಗಳು ಇಪ್ಪತ್ತು ವರ್ಷಗಳ ಹಿಂದೆ ಯಾರ ಕೊರಳನ್ನು ಹುಡುಕುತ್ತಿದ್ದವೆಂಬುದನ್ನು ಅವನು ಬಲ್ಲನು. ಆದುದರಿಂದಲೇ ಕತ್ತಿಗಳ ಪ್ರಸ್ತಾಪ ಅವನ ವರ್ಣನೆಯಲ್ಲಿ ಬರುತ್ತದೆ. ಅವನ ಸಂತೋಷ ನಟನೆಯಲ್ಲ. ಒಲಿಸಿಕೊಂಡು ಒಳಗು ಮಾಡಿಕೊಳ್ಳುವ ರಾಜತಂತ್ರದ ಬಲವಿರುವುದು ಇಲ್ಲಿಯೇ: ಕೊಡುವ ವಸ್ತು ನಿಜವಾಗಿಯೂ ಒಳ್ಳೆಯದಾಗಿರುತ್ತದೆ, ಪಡೆಯುವವನು ನಿಜವಾಗಿಯೂ ನೊಂದವನಾಗಿರುತ್ತಾನೆ.

ಈ ತಂತ್ರ ನಡೆಯುವ ಬಗೆಯನ್ನು ತೋರಿಸುವ ದಾಖಲೆಗಳನ್ನು ಕಾಪಾಡಿಕೊಟ್ಟವನೂ ಅವನೇ. ಅವನ ‘ಸಭಾಚರಿತ್ರೆ’ಯ ಹತ್ತನೆಯ ಭಾಗದಲ್ಲಿ ಚಕ್ರವರ್ತಿಯ ಕೆಲವು ಪತ್ರಗಳಿವೆ. ಒಂದರಲ್ಲಿ ಕಾರ್ಥೇಜಿನ ಬಿಷಪನಾದ ಕೇಸೀಲಿಯನನಿಗೆ 3000 ಫೋಲಿಸ್ ಹಣ ಮಂಜೂರಾಗುತ್ತದೆ. ಅದನ್ನು ಯಾರಿಗೆ ಹಂಚಬೇಕೆಂಬ ಪಟ್ಟಿಯೂ ಸಿದ್ಧವಾಗಿದೆ. ಯಾರಾದರೂ ಸಭೆಯನ್ನು ಕದಡಿದರೆ ಸರಕಾರದ ಅಧಿಕಾರಿಗಳಿಗೆ ದೂರು ಕೊಡಬೇಕೆಂಬ ಸೂಚನೆಯೂ ಅದೇ ಪತ್ರದಲ್ಲಿದೆ. ಆಫ್ರಿಕದ ರಾಜ್ಯಪಾಲನಾದ ಅನುಲಿನಸನಿಗೆ ಬರೆದ ಇನ್ನೊಂದು ಪತ್ರವು ಸಭಾಸೇವಕರನ್ನು ಸಾರ್ವಜನಿಕ ಹೊಣೆಗಳಿಂದ ಬಿಡುಗಡೆ ಮಾಡುತ್ತದೆ. ಅವರ ಆರಾಧನೆ ತಡೆಯಿಲ್ಲದೆ ನಡೆದರೆ ಸಾಮ್ರಾಜ್ಯಕ್ಕೆ ಹೆಚ್ಚಿನ ಲಾಭವುಂಟೆಂಬುದು ಅಲ್ಲಿ ಕೊಟ್ಟ ಕಾರಣ. ಆದರೆ ಬಿಡುಗಡೆಯು ಕೇಸೀಲಿಯನನು ಮೇಲ್ವಿಚಾರಣೆ ಮಾಡುವ ಸಭೆಯವರಿಗೆ ಮಾತ್ರ. ಅವನನ್ನು ಒಪ್ಪದೆ ಬೇರೆ ನಿಂತವರಿಗೆ, ಮುಂದೆ ಡೊನಾಟಿಸ್ಟರೆಂದು ಕರೆಸಿಕೊಂಡವರಿಗೆ, ಅದು ಸಲ್ಲಲಿಲ್ಲ. ಹಣ ಕೊಡಬೇಕಾದರೆ ಸಭೆ ಯಾವುದೆಂದು ಕೊಡುವವನು ತಿಳಿದಿರಬೇಕು. ತಿಳಿದುಕೊಳ್ಳುವುದು ತೀರ್ಮಾನಿಸುವುದಾಗಲು ಬಹಳ ಕಾಲ ಬೇಕಾಗಲಿಲ್ಲ. ಡೊನಾಟಿಸ್ಟರ ಸಭಾಶಾಸ್ತ್ರವನ್ನು ನಾನು ಒಪ್ಪುವವನಲ್ಲ, ಆದರೂ ಅವರ ವಿಷಯದಲ್ಲಿ ಮೊದಲ ತೀರ್ಪನ್ನು ಖಜಾನೆಯ ಪಟ್ಟಿಯೇ ಕೊಟ್ಟಿತ್ತೆಂಬುದು ನಮ್ಮನ್ನು ನಾಚಿಸಬೇಕು.

ಸತ್ಯವೇದವು ಅರಸನ ಪಂಕ್ತಿಯನ್ನು ಬಲು ಎಚ್ಚರದಿಂದ ನೋಡುತ್ತದೆ. ಕರ್ಮೆಲ್ ಬೆಟ್ಟಕ್ಕೆ ಕರೆಸಬೇಕೆಂದು ಎಲೀಯನು ಹೇಳಿದ ಪ್ರವಾದಿಗಳು ಈಜೆಬೆಲಳ ಮೇಜಿನಲ್ಲಿ ಉಣ್ಣುವವರು (1 ಅರಸುಗಳು 18:19). ಅವರ ಪ್ರವಾದನೆಯ ಮರ್ಮವನ್ನು ಆ ಗುರುತೇ ಹೇಳಿಬಿಡುತ್ತದೆ. ದಾನಿಯೇಲನು ಬಾಬೆಲಿನ ಅರಸನ ವಿದ್ಯೆಯನ್ನು ಕಲಿತನು, ಕೆಲಸವನ್ನು ಮಾಡಿದನು, ಅರಸನ ಭೋಜನವನ್ನು ಮಾತ್ರ ಬೇಡವೆಂದನು. ಅನ್ನದ ಋಣ ಎಂಬ ಮಾತು ನಮಗೆ ಹೊಸದಲ್ಲ. ಉಂಡ ಮನೆಯ ವಿರುದ್ಧ ಬಾಯಿ ತೆರೆಯಲಾಗದಂಥ ಲಜ್ಜೆಯಿದೆಯಲ್ಲ, ಅದು ಸೆರೆಮನೆಗಿಂತ ಗಟ್ಟಿಯಾದ ಬೀಗ. ಲೂಕನ ಸುವಾರ್ತೆಯಲ್ಲಂತೂ (22:25–27) ಅನ್ಯಜನರ ಅರಸರು ಉಪಕಾರಿಗಳೆಂಬ ಬಿರುದು ಪಡೆಯುತ್ತಾರೆಂದೂ ಶಿಷ್ಯರು ಹಾಗಿರಬಾರದೆಂದೂ ಕರ್ತನು ಹೇಳಿದ್ದು ಕಡೇ ರಾತ್ರಿಯ ಊಟದಲ್ಲಿ. ಅಲ್ಲಿ ಊಟಕ್ಕೆ ಕುಳಿತವರ ನಡುವೆ ಅವನು ಸೇವೆ ಮಾಡುವವನಾಗಿದ್ದನು.

ಯುಸೇಬಿಯಸನ ಬರಹದಲ್ಲಿ ನಡೆದ ಪಲ್ಲಟವನ್ನು ಇಲ್ಲಿಟ್ಟು ನೋಡಬೇಕು. ಅವನು ಯಾವ ವಿಶ್ವಾಸಸೂತ್ರವನ್ನೂ ಅಲ್ಲಗಳೆಯುವುದಿಲ್ಲ. ದೇವರ ರಾಜ್ಯದ ಚಿತ್ರವನ್ನು ಒಂದು ಮೇಜಿನಿಂದ ಎತ್ತಿ ಇನ್ನೊಂದು ಮೇಜಿನ ಮೇಲಿಡುತ್ತಾನೆ, ಅಷ್ಟೆ. ಕರ್ತನ ಭೋಜನದಲ್ಲಿ ಅಂತಸ್ತಿಗೆ ತಕ್ಕ ಪಾಲು ಇರಕೂಡದೆಂದೇ ಪೌಲನು ಕೊರಿಂಥದವರನ್ನು ಗದರಿಸಿದ್ದನು. ಅರಮನೆಯ ಊಟದಲ್ಲಿ ಪಂಕ್ತಿಭೇದವೂ ಇದೆ, ಉಡುಗೊರೆಯಲ್ಲಿ ತಾರತಮ್ಯವೂ ಇದೆ, ಕಾವಲಿಗೆ ಕತ್ತಿಯೂ ಇದೆ. ಆದರೂ ಬಿಷಪನ ಕಣ್ಣಿಗೆ ಅದು ಕ್ರಿಸ್ತನ ರಾಜ್ಯವನ್ನು ಹೋಲುತ್ತದೆ. ಬಿಷಪರೊಂದಿಗಿನ ಇನ್ನೊಂದು ಔತಣದಲ್ಲಿ ಚಕ್ರವರ್ತಿಯು ತನ್ನನ್ನು ಸಭೆಯ ಹೊರಗಿನವರಿಗೆ ದೇವರು ನೇಮಿಸಿದ ಬಿಷಪನೆಂದು ಕರೆದುಕೊಂಡನೆಂದು ಯುಸೇಬಿಯಸನೇ ತಿಳಿಸುತ್ತಾನೆ. ಆ ಪಂಕ್ತಿಯಿಂದ ಯಾರೂ ಆಕ್ಷೇಪಿಸಿದ ಸುದ್ದಿ ಅವನಲ್ಲಿಲ್ಲ.

ಇನ್ನು ಅವನ ಮೌನ. 326ರಲ್ಲಿ ಕಾನ್‌ಸ್ಟಂಟೈನನು ತನ್ನ ಹಿರಿಯ ಮಗನಾದ ಕ್ರಿಸ್ಪಸನನ್ನು ಕೊಲ್ಲಿಸಿದನು. ‘ಸಭಾಚರಿತ್ರೆ’ಯಲ್ಲಿ ತಂದೆಯೊಡನೆ ಹೊಗಳಿಸಿಕೊಂಡ ಆ ಮಗನ ಹೆಸರೇ ‘ಜೀವನ’ದಲ್ಲಿ ಇಲ್ಲ. ದೇವಭಕ್ತಿಗೆ ಸಂಬಂಧಿಸಿದ್ದನ್ನು ಮಾತ್ರ ಬರೆಯುವೆನೆಂದು ಲೇಖಕನು ಆರಂಭದಲ್ಲೇ ಹೇಳಿ ದಾರಿ ಮಾಡಿಕೊಂಡಿದ್ದಾನೆ. ನಾತಾನನು ದಾವೀದನ ಎದುರು ನಿಂತುದೂ ದೇವಭಕ್ತಿಗೆ ಸಂಬಂಧಿಸಿದ್ದೇ ಅಲ್ಲವೇ?

ಈ ಬಲೆಯನ್ನು ಬಲೆಯೆಂದು ಕರೆದವನು ಅದೇ ಶತಮಾನದಲ್ಲಿದ್ದನು. ಕಾನ್‌ಸ್ಟಂಟೈನನ ಮಗನಾದ ಕಾನ್‌ಸ್ಟಾಂಷಿಯಸನ ಕಾಲದಲ್ಲಿ, 356ರಲ್ಲಿ, ಪ್ವಾತಿಯೇದ ಬಿಷಪನಾದ ಹಿಲರಿಯು ಫ್ರುಗ್ಯಕ್ಕೆ ಗಡಿಪಾರಾದನು. ಅಲ್ಲಿದ್ದ ವರ್ಷಗಳ ಕಡೆಯಲ್ಲಿ ಅವನು ಚಕ್ರವರ್ತಿಯ ವಿರುದ್ಧ ಬರೆದ ಗ್ರಂಥದ ಆರೋಪ ವಿಚಿತ್ರವಾದುದು: ನೀರೋ, ಡೀಷಿಯಸ್ ಮೊದಲಾದವರು ಬಹಿರಂಗ ಶತ್ರುಗಳಾಗಿದ್ದರು, ಇವನಾದರೋ ಮುದ್ದಿನಿಂದ ಕೊಲ್ಲುತ್ತಾನೆ. ಬಿಷಪರನ್ನು ಮುತ್ತಿಟ್ಟು ಬರಮಾಡಿಕೊಳ್ಳುವುದು, ಆಶೀರ್ವಾದಕ್ಕೆ ತಲೆಬಾಗುವುದು, ಊಟಕ್ಕೆ ಕರೆಯುವುದು, ತೆರಿಗೆ ಬಿಡುವುದು, ಇವೆಲ್ಲವನ್ನೂ ಅಲ್ಲಿ ಹಿಲರಿ ಒಂದೊಂದಾಗಿ ಹೆಸರಿಸಿ ಮುತ್ತಿಗೆ ಯೂದನ ಮುತ್ತನ್ನೂ, ಊಟಕ್ಕೆ ಯೂದನು ಎದ್ದುಹೋದ ಊಟವನ್ನೂ ಎದುರಿಡುತ್ತಾನೆ. ಯುಸೇಬಿಯಸನು ಅಕ್ಕರೆಯಿಂದ ವರ್ಣಿಸಿದ ಆ ಔತಣವೇ ಇಲ್ಲಿ ತಿರುಗಿಬಿದ್ದು ಸಾಕ್ಷಿ ಹೇಳುತ್ತದೆ. ಹಿಲರಿಯನ್ನು ವೀರನನ್ನಾಗಿಸಲು ನಾನು ಅವಸರಪಡಲಾರೆ. ಸ್ವಲ್ಪ ಮೊದಲು ಅವನೂ ಇದೇ ಚಕ್ರವರ್ತಿಗೆ ವಿನಯದ ಮನವಿಯೊಂದನ್ನು ಬರೆದು ಭೇಟಿಗೆ ಅವಕಾಶ ಬೇಡಿದ್ದನು. ಬಾಗಿಲು ತೆರೆದಿದ್ದರೆ ಅವನ ಲೇಖನಿ ಹೇಗೆ ಓಡುತ್ತಿತ್ತೋ!

ನಿಕೇಯಕ್ಕೆ ಬಂದವರಲ್ಲಿ ಐಗುಪ್ತದ ಪಫ್ನೂಷಿಯಸನೂ ಇದ್ದನೆಂದು ರುಫಿನಸನು ಬರೆಯುತ್ತಾನೆ. ಹಿಂಸೆಯ ಕಾಲದಲ್ಲಿ ಅವನ ಬಲಗಣ್ಣನ್ನು ಕಿತ್ತಿದ್ದರು. ಚಕ್ರವರ್ತಿಯು ಅವನನ್ನು ಪದೇಪದೇ ಅರಮನೆಗೆ ಕರೆಸಿ, ಬರಿದಾದ ಆ ಕಣ್ಣಿನ ಗುಳಿಗೆ ಮುತ್ತಿಡುತ್ತಿದ್ದನಂತೆ. ಅಂಥ ಗಾಯಗಳನ್ನು ಒಂದು ಕಾಲದಲ್ಲಿ ಬರೆದಿಟ್ಟ ಯುಸೇಬಿಯಸನ ಔತಣದ ಪುಟದಲ್ಲಿ ಕಣ್ಣು ಕಳೆದುಕೊಂಡ ಒಬ್ಬ ಅತಿಥಿಯೂ ಕಾಣುವುದಿಲ್ಲ.